ಹೆಸರು ಕಳೆದುಕೊಂಡ ಜಾಲಿ

ಗಿಡಮರಗಳ ಪಾಠ ನಡೆದಿತ್ತು. ನಾಳೆ ಒಂದೊಂದು ಜಾಲಿ ರೆಂಬೆ ತನ್ನಿ ಎಂದು ಮಕ್ಕಳಿಗೆ ಹೇಳಿದೆ. ಮರುದಿನ ಮೇಜಿನ ತುಂಬ ಮುಳ್ಳೋ ಮುಳ್ಳು. ನೋಡಿದರೆ ಒಂದೂ ಜಾಲಿಯಲ್ಲ, ಎಲ್ಲವೂ ಬಳ್ಳಾರಿ ಜಾಲಿ! "ಇದೇ ತಾನೇ ಮಿಸ್?" ಎಂದರು. ತಪ್ಪು ಅವರದಲ್ಲ. ಊರಿಗಾಮಿನಲ್ಲಿ ಹುಟ್ಟಿದಾಗಿನಿಂದ ಅವರು ಕಂಡದ್ದು ಅದನ್ನೇ.

ನಮ್ಮಜ್ಜಿಗೆ ಜಾಲಿ ಎಂದರೆ ಹಲ್ಲುಕಡ್ಡಿ, ಬೇಲಿ, ಮೇಕೆಗೆ ಕಾಯಿ. ಅದರ ಮರದಿಂದ ಗಾಡಿಯ ಚಕ್ರ, ನೇಗಿಲು. ತೊಗಟೆಯಿಂದ ಚರ್ಮ ಹದ ಮಾಡುವುದು. ಮೇಕೆ ಮೇದಲ್ಲಿ ಪೊದೆ, ಬಿಟ್ಟಲ್ಲಿ ಮರ. ಬಾಣಂತಿಗೆ ಅಂಟಿನುಂಡೆ ಕಟ್ಟುವಾಗ ಅಂಗಡಿಯಿಂದ ಅಂಟು ತರುತ್ತೇವಲ್ಲ, ಅದು ಜಾಲಿಯ ಜಾತಿಯ ಮರಗಳದೇ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಈ ಸೀಮೆಯ ಕುರುಚಲು ಕಾಡಿಗೆ ಮೊದಲ ಪೆಟ್ಟು ಬಿದ್ದದ್ದು ಚಿನ್ನದಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಯ ಯಂತ್ರಗಳು ಹಬೆಯಿಂದ ನಡೆದವು. ಬಾಯ್ಲರಿಗೆ ಕಲ್ಲಿದ್ದಲು, ಸೌದೆ; ಸುರಂಗಕ್ಕೆ ಆಸರೆಯ ಮರ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದಾಟಿ ಇಲ್ಲಿಗೆ ಬಂತು. ಅಷ್ಟರಲ್ಲಿ ಅದಿರಿನ ಬೂದುಪುಡಿಯ ಸೈನೈಡ್ ದಿಬ್ಬಗಳು ಎದ್ದಿದ್ದವು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಗಾಳಿಗೆ ಅವುಗಳ ಧೂಳು ಈಗಲೂ ನಮ್ಮ ಅಡುಗೆಮನೆಗೆ ಬರುತ್ತದೆ.

ಬರಿದಾದ ನೆಲಕ್ಕೆ ಹೊರಗಿನವು ನುಗ್ಗಿದವು. 1877ರಲ್ಲಿ ಸೌದೆಗೆಂದು ನೆರೆಯ ಕಡಪದಲ್ಲಿ ಬಿತ್ತಿದ ಅಮೆರಿಕದ ಮುಳ್ಳುಗಿಡವೇ ಇಂದಿನ ಬಳ್ಳಾರಿ ಜಾಲಿ. ಇಲ್ಲಿನ ತಮಿಳರ ಬಾಯಲ್ಲಿ ಅದು ಸೀಮೈ ಕರುವೇಲಂ. ಆಮೇಲೆ ನೀಲಗಿರಿ, ಆಸ್ಟ್ರೇಲಿಯಾದ ಅಕೇಶಿಯ.

ತಮಾಷೆ ನೋಡಿ, ನಮ್ಮ ಜಾಲಿಯೂ ಶಾಸ್ತ್ರದಲ್ಲಿ ಅಕೇಶಿಯವೇ ಆಗಿತ್ತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಆಸ್ಟ್ರೇಲಿಯಾದ ಗಿಡಗಳಿಗೆ ಬಿಟ್ಟುಕೊಟ್ಟರು. ನಮ್ಮದು ಈಗ ವೆಚೆಲಿಯ. ನೆರಳಿಗೆ, ಕುರಿಗಳ ಮೇವಿಗೆ ಎಂದು ಕ್ವೀನ್ಸ್‌ಲ್ಯಾಂಡಿಗೆ ಒಯ್ದ ಅದೇ ಜಾಲಿ ಅಲ್ಲಿನ ಹುಲ್ಲುಗಾವಲನ್ನು ನುಂಗುವ ಪೀಡೆಯಾಗಿದೆ. ಗಿಡ ಕೆಟ್ಟದ್ದಲ್ಲ, ನೆಲೆ ತಪ್ಪಿದರೆ ಕೆಡುಕು.

ಕೊನೆಗೆ ಬಂಗಾರಪೇಟೆ ಕಡೆಯ ಒಂದು ಕೆರೆಯಂಗಳದಲ್ಲಿ ಮೇಕೆ ಮೇಯಿಸುವ ಅಜ್ಜಿಯೊಬ್ಬರು ನಿಜವಾದ ಜಾಲಿ ತೋರಿಸಿದರು. ಅರಿಶಿನದ ಗುಂಡುಗಳಂಥ ಘಮಘಮ ಹೂ, ಮಣಿಸರದಂತೆ ನಡುನಡುವೆ ಹಿಸುಕಿದ ಕಾಯಿ. ಬಳ್ಳಾರಿ ಜಾಲಿಯ ಹೂವು ಉದ್ದನೆ ತೆನೆ. ಇಷ್ಟು ತಿಳಿದರೆ ಸಾಕು, ಎಂದೂ ತಪ್ಪುವುದಿಲ್ಲ.

"ಬೀಜ ಬೇಕಾದರೆ ಮೇಕೆ ದೊಡ್ಡಿಯಲ್ಲಿ ಆರಿಸಿಕೋ ಟೀಚರಮ್ಮ. ಮೇಕೆ ಹೊಟ್ಟೆ ದಾಟಿದ್ದು ಬೇಗ ಮೊಳೆಯುತ್ತೆ" ಎಂದರು.

ಬಿ.ಎಡ್. ಓದಿದ ನನಗೆ ಇದು ಹೊಸ ಪಾಠ. ಮಕ್ಕಳು ಮೂಗು ಮುಚ್ಚಿಕೊಂಡೇ ಬೀಜ ಆರಿಸಿದರು. ಹಾಲಿನ ಖಾಲಿ ಕವರುಗಳಲ್ಲಿ ಏಳು ಸಸಿ ಎದ್ದಿವೆ. ಹಾಜರಿ ಕರೆಯುವ ಮುಂಚೆ ಮಕ್ಕಳು ದಿನವೂ ಅವನ್ನು ಎಣಿಸುತ್ತಾರೆ.