ದರೋಜಿ ಈರಮ್ಮ ಹೊತ್ತು ತಿರುಗಿದ ಕಥಿಗಳು

ಸುಗ್ಗಿ ಮುಗದು ಜೋಳ ಮನಿಗೆ ಬಂತಂದ್ರ ಬುರ್ರಕಥಿ ಹೇಳೋರು ಊರಿಗೆ ಬರ್ತಿದ್ರು. "ಬೇಡಾಕ ಬಂದಾರ ನೋಡು, ಒಂದು ಮೊರ ಜೋಳ ಹಾಕು" ಅಂತ ಹಿರೇರು ಒಳಗಿಂದ ಕೂಗೋರು. ಅವರು ಬೇಡೋರಂತನ ನಾನೂ ತಿಳಕೊಂಡಿದ್ದೆ. ದರೋಜಿ ಈರಮ್ಮನ ಬಗ್ಗೆ ಓದಿದ ಮ್ಯಾಲೆ ಆ ಮಾತು ಬಾಯಿಗೆ ಬರವಲ್ದು.

ದರೋಜಿ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಊರು. ಅಲ್ಲಿ ದೊಡ್ಡ ಕೆರಿ ಐತಿ, ಹತ್ರನ ಕರಡಿಧಾಮ ಐತಿ. ಈರಮ್ಮ ಬುಡ್ಗ ಜಂಗಮರಾಕಿ. ಅಲೆಮಾರಿ ಜನ, ಮನಿಮಾತು ತೆಲುಗು, ಕಥಿ ಹೇಳೋದು ವಂಶದ ಕಸುಬು. ಆಕಿ ಸಾಲಿ ಕಟ್ಟಿ ಹತ್ತಲಿಲ್ಲ, ಓದು ಬರಹ ಬರ್ತಿರಲಿಲ್ಲ. ಸಣ್ಣಾಕಿದ್ದಾಗಿಂದ ಹಿರೇರ ಜೋಡಿ ಊರೂರು ತಿರುಗಿ, ಕೇಳಿ ಕೇಳಿ ಕಲತಳು. ಹನ್ನೆರಡು ದೊಡ್ಡ ಕಥಿ ಬಾಯಾಗ ಇದ್ವು.

ಬುರ್ರಕಥಿ ಒಬ್ಬರ ಹಾಡಲ್ಲ. ಮುಂದಿನಾಕಿ ತಂಬೂರಿ ಮೀಟಿ ಕಥಿ ನಡಸ್ತಾಳ, ಹಿಂದಿನೋರು ಡಕ್ಕಿ ಬಾರಿಸ್ಕೋತ ಆಕಿ ಮಾತಿಗೆ ದನಿಗೂಡಸ್ತಾರ. ಹಿಂದಿನೋರು ತಿರುಗಿ ಹಾಡೋದ್ರಾಗ ಮುಂದಿನಾಕಿಗೆ ಉಸಿರು ತಗೊಳ್ಳಾಕ, ಮುಂದಿನ ಸಾಲು ನೆನಪು ಮಾಡಾಕ ವ್ಯಾಳ್ಯಾ ಸಿಗತದ. ನಡುನಡುವೆ ಮಾತು, ನಗಿಚಾಟಿ, ಇಲ್ಲಂದ್ರ ಕೇಳೋರು ತೂಕಡಸ್ತಾರ. ಒಂದು ಕಥಿ ಮುಗಿಯಾಕ ಒಂದು ರಾತ್ರಿ ಸಾಲದು.

ಈರಮ್ಮ ಹಾಡಿದ್ರಾಗ ಕುಮಾರರಾಮನ ಕಥಿ ಒಂದು. ಕುಮಾರರಾಮ ಕಂಪಿಲಿ ರಾಜನ ಮಗ. ಕಂಪ್ಲಿ ದರೋಜಿಗೆ ದೂರಿಲ್ಲ. ಮಲತಾಯಿ ರತ್ನಾಜಿ ಅವನ ಮ್ಯಾಲೆ ಮನಸಿಟ್ಟಳು, ಅವ ಒಲ್ಲೆ ಅಂದ, ಆಕಿ ತಪ್ಪು ಹೊರಿಸಿದಳು, ಅಪ್ಪ ತಲಿ ಕಡೀರಿ ಅಂದ, ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸಿದ. ಇದು ಜನ ಹೇಳಿಕೋತ ಬಂದ ಕಥಿ. 1327ರ ಸುಮಾರಿಗೆ ದಿಲ್ಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ದಂಡು ಬಂದು ಕಂಪಿಲಿ ರಾಜ್ಯ ಮುಳುಗಿದ್ದು ಇತಿಹಾಸ. ಹತ್ತು ವರ್ಷದ ಒಳಗ, 1336ಕ್ಕ, ಹೊಳಿ ದಂಡಿ ಮ್ಯಾಲೆ ವಿಜಯನಗರ ಎದ್ದಿತು. ಸಾಲಿ ಪುಸ್ತಕದಾಗ ವಿಜಯನಗರಕ್ಕ ಪುಟಗಟ್ಟಲೆ ಜಾಗ, ಕಂಪಿಲಿಗೆ ಒಂದೆರಡು ಸಾಲು. ಸೋತ ರಾಜ್ಯದ ಹೆಸರು ಹಳ್ಳಿ ಹೆಂಗಸರ ಬಾಯಾಗ ಉಳಿದದ್ದು ಹೆಂಗ? ಇಂಥಾ ಅಕ್ಷರ ಬಾರದೋರು ಬಾಗಲಾ ಬಾಗಲಾ ತಿರುಗಿ ಹಾಡಿದ್ದಕ್ಕ ಉಳೀತು.

ತಿರುಗಾಟ ಅಂದ್ರ ಏನು ಅನ್ನೋದು ನಮಗ ಗೊತ್ತಿಲ್ಲದ್ದಲ್ಲ. ಬಗಲಾಗ ಕೂಸು, ತಲಿ ಮ್ಯಾಲೆ ಗಂಟು, ಊರ ಹೊರಗ ಮೂರು ಕಲ್ಲಿನ ಒಲಿ. ರಾತ್ರಿ ಹಾಡಿ ದನಿ ಬಿದ್ದಿದ್ರೂ ಮುಂಜಾನಿ ಕೂಲಿ ಕೇಳಾಕ ಮನಿ ಮನಿಗೆ ಹೋಗಬೇಕು. ಆ ಕೂಲಿಗೆ ನಾವು ಭಿಕ್ಷೆ ಅಂತ ಹೆಸರಿಟ್ಟೆವು.

ಕಡೀಕ ವಿದ್ವಾಂಸರು ಈರಮ್ಮನ ಹತ್ರ ಕುಂತು ಕಥಿ ಬರಕೊಂಡ್ರು, ಪುಸ್ತಕಾದ್ವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು, ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಾಗ ಆಕಿ ತೀರಿಕೊಂಡಳು.

ನಮ್ಮೂರಿಗೆ ಬರ್ತಿದ್ದವರ ಹೆಸರು ಮಾತ್ರ ಯಾರೂ ಕೇಳಲಿಲ್ಲ. ಅವರು ಏನೇನು ಹಾಡ್ತಿದ್ರು ಅಂತ ನಿಮ್ಮ ಅತ್ತಿಗೋ ಅವ್ವಗೋ ನೆನಪಿದ್ರ ಇವತ್ತ ಕೇಳ್ರಿ, ಮೊಬೈಲಿನಾಗ ಹಿಡಕೊಳ್ರಿ. ಅರ್ಧ ನೆನಪಿದ್ರೂ ನಡೀತದ.