ಡಾ. ಡಿ.ಎಂ. ನಂಜುಂಡಪ್ಪ ಮತ್ತು ತಾಲ್ಲೂಕುಗಳ ಹಿಂದುಳಿದಿರುವಿಕೆಯ ವರ್ಗೀಕರಣ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಸರ್ಕಾರದ ಆದೇಶಗಳಲ್ಲಿ ಹಾಗೂ ಅನುದಾನ ಹಂಚಿಕೆಯ ಪತ್ರಗಳಲ್ಲಿ "ಡಾ. ನಂಜುಂಡಪ್ಪ ವರದಿಯನ್ವಯ ಅತ್ಯಂತ ಹಿಂದುಳಿದ ತಾಲ್ಲೂಕು" ಎಂಬ ಉಲ್ಲೇಖವು ಆಗಾಗ್ಗೆ ಕಂಡುಬರುತ್ತದೆ. ಈ ವರ್ಗೀಕರಣದ ಅರ್ಥವೇನು, ಅದನ್ನು ಹೇಗೆ ಮಾಡಲಾಯಿತು, ಅರ್ಜಿದಾರರಿಗೆ ಅದರಿಂದ ಏನು ದೊರೆಯುತ್ತದೆ ಮತ್ತು ಏನು ದೊರೆಯುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಡಾ. ನಂಜುಂಡಪ್ಪ ಅವರ ಸೇವೆ

ಡಾ. ಡಿ.ಎಂ. ನಂಜುಂಡಪ್ಪ ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದವರು. ಅಲ್ಲಿಂದ ರಾಜ್ಯ ಸರ್ಕಾರದ ಸೇವೆಗೆ ಬಂದು ಆರ್ಥಿಕ ಸಲಹೆಗಾರರಾಗಿ ಹಾಗೂ ಯೋಜನಾ ಕಾರ್ಯದರ್ಶಿಯಾಗಿ ಕಾರ್ಯನಿರ್ವಹಿಸಿದರು. ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿಯೂ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 2005ರಲ್ಲಿ ನಿಧನರಾದರು. ಅವರ ಹೆಸರು ಜನಸಾಮಾನ್ಯರಲ್ಲಿ ಉಳಿದಿರುವುದು ಮುಖ್ಯವಾಗಿ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯ ಅಧ್ಯಕ್ಷರಾಗಿ ಅವರು ನೀಡಿದ ವರದಿಯಿಂದ.

3. ಸಮಿತಿಯ ಹಿನ್ನೆಲೆ

1956ರ ನವೆಂಬರ್ 1ರಂದು ರಾಜ್ಯವು ಏಕೀಕರಣಗೊಂಡಾಗ ಹಳೆಯ ಮೈಸೂರು, ಮುಂಬೈ, ಹೈದರಾಬಾದ್, ಮದರಾಸು ಮತ್ತು ಕೊಡಗು ಆಡಳಿತಗಳಿಗೆ ಸೇರಿದ್ದ ಪ್ರದೇಶಗಳು ಒಂದಾದವು. ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿಗಳಲ್ಲಿ ಈ ಪ್ರದೇಶಗಳ ನಡುವೆ ಇದ್ದ ಅಂತರವು ನಂತರದ ದಶಕಗಳಲ್ಲಿಯೂ ಪೂರ್ಣವಾಗಿ ನಿವಾರಣೆಯಾಗಲಿಲ್ಲ. ಈ ಅಂತರವನ್ನು ಅಂಕಿ ಅಂಶಗಳ ಆಧಾರದ ಮೇಲೆ ನಿರ್ಧರಿಸಿ ಪರಿಹಾರ ಸೂಚಿಸಲು 2000ನೇ ಸಾಲಿನಲ್ಲಿ ಸಮಿತಿಯನ್ನು ರಚಿಸಲಾಯಿತು. ಸಮಿತಿಯು 2002ರ ಜೂನ್ ತಿಂಗಳಲ್ಲಿ ವರದಿ ಸಲ್ಲಿಸಿತು.

4. ವರ್ಗೀಕರಣದ ವಿಧಾನ

ಸಮಿತಿಯು ಜಿಲ್ಲೆಯ ಬದಲಾಗಿ ತಾಲ್ಲೂಕನ್ನು ಘಟಕವಾಗಿ ಪರಿಗಣಿಸಿತು. ಜಿಲ್ಲೆಯ ಸರಾಸರಿ ಉತ್ತಮವಾಗಿದ್ದರೂ ಅದರೊಳಗಿನ ಒಂದು ತಾಲ್ಲೂಕು ಬಹಳ ಹಿಂದುಳಿದಿರಬಹುದು ಎಂಬುದು ಇದಕ್ಕೆ ಕಾರಣ. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ಶಿಕ್ಷಣ ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಕ್ರೋಡೀಕರಿಸಿ ಪ್ರತಿ ತಾಲ್ಲೂಕಿಗೆ ಒಂದು ಸಮಗ್ರ ಅಭಿವೃದ್ಧಿ ಸೂಚ್ಯಂಕವನ್ನು ಲೆಕ್ಕ ಹಾಕಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ಕೆಳಕಂಡಂತೆ ವಿಂಗಡಿಸಲಾಯಿತು:

- ಸೂಚ್ಯಂಕ 1 ಮತ್ತು ಮೇಲ್ಪಟ್ಟು (ಸಾಪೇಕ್ಷವಾಗಿ ಅಭಿವೃದ್ಧಿ ಹೊಂದಿದವು): 61
- 0.89 ರಿಂದ 0.99 (ಹಿಂದುಳಿದವು): 35
- 0.80 ರಿಂದ 0.88 (ಅತಿ ಹಿಂದುಳಿದವು): 40
- 0.53 ರಿಂದ 0.79 (ಅತ್ಯಂತ ಹಿಂದುಳಿದವು): 39

ಹೀಗೆ ಒಟ್ಟು 114 ತಾಲ್ಲೂಕುಗಳು ಹಿಂದುಳಿದವೆಂದು ಗುರುತಿಸಲ್ಪಟ್ಟವು. ಇವುಗಳಲ್ಲಿ 59 ಉತ್ತರ ಕರ್ನಾಟಕದಲ್ಲಿಯೂ 55 ದಕ್ಷಿಣ ಕರ್ನಾಟಕದಲ್ಲಿಯೂ ಇವೆ. ಆದರೆ ತೀವ್ರತೆಯಲ್ಲಿ ವ್ಯತ್ಯಾಸವಿದೆ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಕಲಬುರಗಿ ವಿಭಾಗವೊಂದರಲ್ಲಿಯೇ ಇದ್ದವು.

5. ಶಿಫಾರಸುಗಳು ಮತ್ತು ಅನುಷ್ಠಾನ

ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ ರೂ. 31,000 ಕೋಟಿಗಳನ್ನು ಸಮಿತಿಯು ಸೂಚಿಸಿತು. ಇದರಲ್ಲಿ ರೂ. 16,000 ಕೋಟಿ ಚಾಲ್ತಿಯಲ್ಲಿದ್ದ ಯೋಜನೆಗಳಿಂದ, ಉಳಿದ ರೂ. 15,000 ಕೋಟಿ ಹೆಚ್ಚುವರಿಯಾಗಿ ಒದಗಿಸತಕ್ಕದ್ದಾಗಿತ್ತು. ಹಂಚಿಕೆಯ ಪ್ರಮಾಣವನ್ನು ಕಲಬುರಗಿ ವಿಭಾಗಕ್ಕೆ ಶೇ. 40, ಬೆಳಗಾವಿ ವಿಭಾಗಕ್ಕೆ ಶೇ. 20, ಬೆಂಗಳೂರು ವಿಭಾಗಕ್ಕೆ ಶೇ. 25 ಮತ್ತು ಮೈಸೂರು ವಿಭಾಗಕ್ಕೆ ಶೇ. 15 ಎಂದು ನಿಗದಿಪಡಿಸಲಾಯಿತು. ಯೋಜನೆಯ ಅನುಷ್ಠಾನವು 2007-08ನೇ ಸಾಲಿನಿಂದ ಆರಂಭವಾಯಿತು.

ಎಲ್ಲ ಶಿಫಾರಸುಗಳೂ ಸೂಚಿಸಿದ ರೀತಿಯಲ್ಲಿಯೇ ಜಾರಿಗೆ ಬಂದಿಲ್ಲ. ಉದಾಹರಣೆಗೆ, ರಾಯಚೂರಿನಲ್ಲಿ ಐಐಟಿ ಸ್ಥಾಪಿಸಬೇಕೆಂದು ವರದಿಯು ತಿಳಿಸಿತ್ತು. 2016ರಲ್ಲಿ ಐಐಟಿ ಧಾರವಾಡದಲ್ಲಿ ಆರಂಭವಾಯಿತು. ರಾಯಚೂರಿಗೆ 2019ರಲ್ಲಿ ಐಐಐಟಿ ದೊರೆಯಿತು. ಮುಂದೆ 2024ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಧ್ಯಯನ ಮಾಡಲು ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಲಾಯಿತು.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಈ ವರ್ಗೀಕರಣವು ತಾಲ್ಲೂಕಿಗೆ ಸಂಬಂಧಿಸಿದ್ದು, ವ್ಯಕ್ತಿಗೆ ಸಂಬಂಧಿಸಿದ್ದಲ್ಲ. ಹಿಂದುಳಿದ ತಾಲ್ಲೂಕಿನ ನಿವಾಸಿ ಎಂಬ ಕಾರಣ ಮಾತ್ರದಿಂದ ಯಾರಿಗೂ ಹಿಂದುಳಿದ ವರ್ಗದ ಪ್ರಮಾಣಪತ್ರ ದೊರೆಯುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಿಗದಿತ ವಿಧಾನದಲ್ಲಿಯೇ ಪಡೆಯತಕ್ಕದ್ದು.

(ಆ) ಸಂವಿಧಾನದ 371(ಜೆ) ಅನುಚ್ಛೇದದಡಿ ಶಿಕ್ಷಣ ಮತ್ತು ಉದ್ಯೋಗದಲ್ಲಿ ದೊರೆಯುವ ಮೀಸಲಾತಿಯು ಇದಕ್ಕಿಂತ ಪ್ರತ್ಯೇಕವಾದುದು. ಅದು 98ನೇ ತಿದ್ದುಪಡಿಯ ಮೂಲಕ ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಅನ್ವಯಿಸಿದ್ದು, ಅರ್ಹತಾ ಪ್ರಮಾಣಪತ್ರವನ್ನು ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ಪಾವಗಡ ಮತ್ತು ಕನಕಪುರ ತಾಲ್ಲೂಕುಗಳು ವರದಿಯಲ್ಲಿ ಅತ್ಯಂತ ಹಿಂದುಳಿದವುಗಳಾದರೂ ಅಲ್ಲಿನ ನಿವಾಸಿಗಳಿಗೆ 371(ಜೆ) ಅನ್ವಯಿಸುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ಅರ್ಜಿ ಸಲ್ಲಿಸಿದಲ್ಲಿ ಅರ್ಜಿಯು ತಿರಸ್ಕೃತವಾಗಿ, ಪ್ರವೇಶ ಅಥವಾ ನೇಮಕಾತಿಯ ಕೊನೆಯ ದಿನಾಂಕ ಮೀರಿಹೋಗುವ ಸಂಭವವಿದೆ.

(ಇ) 2002ರ ನಂತರ ರಚನೆಯಾದ ತಾಲ್ಲೂಕುಗಳ ಹೆಸರು ವರದಿಯ ಪಟ್ಟಿಯಲ್ಲಿ ಇರುವುದಿಲ್ಲ. ಅಂತಹವರು ತಮ್ಮ ಗ್ರಾಮವು ಅಂದು ಯಾವ ಮೂಲ ತಾಲ್ಲೂಕಿಗೆ ಸೇರಿತ್ತು ಎಂಬುದನ್ನು ನೋಡಿಕೊಳ್ಳಬೇಕು.

(ಈ) ವಿಶೇಷ ಅಭಿವೃದ್ಧಿ ಯೋಜನೆಯಡಿ ತಮ್ಮ ತಾಲ್ಲೂಕಿಗೆ ಬಿಡುಗಡೆಯಾದ ಹಾಗೂ ವೆಚ್ಚವಾದ ಅನುದಾನದ ವಿವರವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಅರ್ಜಿ ಶುಲ್ಕ ರೂ. 10. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಅರ್ಜಿಯಲ್ಲಿ ತಾಲ್ಲೂಕು, ಆರ್ಥಿಕ ವರ್ಷ ಮತ್ತು ಇಲಾಖೆಯನ್ನು ಸ್ಪಷ್ಟವಾಗಿ ನಮೂದಿಸುವುದು.