ಪಾತ್ರೆಯ ಕಂಠದ ಮೇಲಿನ ಹೆಸರು

ಪ್ರೌಢಶಾಲೆಯಲ್ಲಿ ಇತಿಹಾಸದ ಪಾಠ ಆರಂಭವಾಗುತ್ತಿದ್ದುದೇ ‘ಆಧಾರಗಳು’ ಎಂಬ ಅಧ್ಯಾಯದಿಂದ. ಶಾಸನ, ನಾಣ್ಯ, ಸ್ಮಾರಕ, ಗ್ರಂಥ ಎಂದು ನೀವೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದಿರಿ. ಹಲ್ಮಿಡಿ ಶಾಸನದ ಕಾಲ ಕೇಳಿದರೆ ಕೊನೆಯ ಬೆಂಚಿನಿಂದಲೂ ಉತ್ತರ ಬರುತ್ತಿತ್ತು. ಆ ಪಟ್ಟಿಗೆ ಸೇರದ ಇನ್ನೊಂದು ಬಗೆಯ ಬರಹವನ್ನು ಕುರಿತು ಈಗ ಬರೆಯುತ್ತಿದ್ದೇನೆ. ಅದು ನಮ್ಮ ಮನೆಗಳ ಅಟ್ಟದ ಮೇಲೆಯೇ ಇದೆ.

ಮದುವೆಯಲ್ಲಿ ಕೊಡುವ ಹಿತ್ತಾಳೆ, ತಾಮ್ರದ ಪಾತ್ರೆಗಳ ಕಂಠದ ಮೇಲೆ ಹೆಸರು ಹಾಕಿಸುವ ರೂಢಿ ನಮ್ಮಲ್ಲಿತ್ತು. ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರಗಳು. ಕೆಲವೊಮ್ಮೆ ಇಸವಿಯೂ ಇರುತ್ತಿತ್ತು. ನಮ್ಮ ಮನೆಯ ಹಂಡೆಯ ಮೇಲೆ ಅಜ್ಜಿಯ ಹೆಸರೂ 1936 ಎಂಬ ಅಂಕಿಯೂ ಇವೆ. ಪಹಣಿ, ಕಂದಾಯದ ರಸೀದಿ, ಸಾಲದ ಪತ್ರ, ಇವೆಲ್ಲದರಲ್ಲಿ ಇರುವುದು ಅಜ್ಜನ ಹೆಸರೇ. ಅಜ್ಜಿಯ ಹೆಸರನ್ನು ಬರಹದಲ್ಲಿ ಹುಡುಕಿದರೆ ಸಿಗುವುದು ಪಾತ್ರೆಗಳ ಮೇಲೆ ಮಾತ್ರ.

ಇದನ್ನು ಒಂದು ಮನೆಯ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. 1951–52ರ ಪ್ರಥಮ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾದಾಗ, ಮುಖ್ಯವಾಗಿ ಉತ್ತರ ಭಾರತದಲ್ಲಿ, ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಸರು ಹೇಳುವುದಕ್ಕೇ ಅಷ್ಟು ಸಂಕೋಚವಿದ್ದ ಕಾಲದಲ್ಲಿ, ತವರಿನವರು ಮಗಳ ಹೆಸರನ್ನು ಲೋಹದಲ್ಲಿ ಕುಟ್ಟಿಸಿ ಕಳುಹಿಸುತ್ತಿದ್ದರೆಂಬುದು ಸಣ್ಣ ಮಾತಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು ಸ್ತ್ರೀಧನದ ವಿಚಾರವನ್ನು ಸ್ಪಷ್ಟಪಡಿಸಿತ್ತು. ಆದರೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕು ದೊರೆಯಲು ಕರ್ನಾಟಕದಲ್ಲಿ 1994ರವರೆಗೆ, ದೇಶದಾದ್ಯಂತ 2005ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ‘ಇದು ನನ್ನದು’ ಎಂದು ಅನೇಕ ಹೆಂಗಸರು ಬೆರಳಿಟ್ಟು ತೋರಿಸಬಹುದಾಗಿದ್ದುದು ಒಡವೆ ಮತ್ತು ಪಾತ್ರೆಗಳನ್ನೇ. ಒಡವೆಯನ್ನಾದರೂ ಗಂಡಸರು ಅಡವಿಡುತ್ತಿದ್ದರು! (ಕೊಳಗವನ್ನೂ ಅಡವಿಟ್ಟ ಪುಣ್ಯಾತ್ಮರಿದ್ದರು, ಆ ಕಥೆ ಬೇರೆ.)

ಇನ್ನು ಪಾಲನೆಯ ವಿಚಾರ. ಹುಳಿಯ ಅಡುಗೆ ತಾಮ್ರ, ಹಿತ್ತಾಳೆಗಳಲ್ಲಿ ನಿಂತರೆ ಕಿಲುಬು ಹಿಡಿಯುತ್ತದೆ; ಆದ್ದರಿಂದಲೇ ಒಳಮೈಗೆ ಕಲಾಯಿ. ಕಲಾಯಿಯವನು ಬೀದಿಯ ಮೂಲೆಯಲ್ಲಿ ನೆಲ ಅಗೆದು, ತಿದಿ ಹೂಡಿ, ಇದ್ದಿಲ ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒಮ್ಮೆ ಒರೆಸಿದರೆ ಕಪ್ಪುಗಟ್ಟಿದ್ದ ಒಳಮೈ ಬೆಳ್ಳಿಯಂತೆ ಬೆಳಗುತ್ತಿತ್ತು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ, ತಾಮ್ರಕ್ಕೆ 1085 ಬೇಕು. ಎರಡನೆಯ ಮಹಾಯುದ್ಧದಲ್ಲಿ, 1942ರ ಆರಂಭಕ್ಕೆ, ತವರದ ದೊಡ್ಡ ಆಕರವಾದ ಮಲಯ ಜಪಾನೀಯರ ವಶವಾಯಿತು. ಆ ವರ್ಷಗಳಲ್ಲಿ ಕಲಾಯಿ ದುಬಾರಿಯಾಗಿ ಸಾರು ಮತ್ತೆ ಮಣ್ಣಿನ ಮಡಕೆಗೆ ಹೋಯಿತೆಂದು ಅಜ್ಜಿ ಹೇಳುತ್ತಿದ್ದರು. ಯುದ್ಧವೆಂದರೆ ಅವರಿಗೆ ನೆನಪಿದ್ದುದು ಅದೇ.

ಹೊರಮೈಯ ಹೊಳಪು ಮಾತ್ರ ಮನೆಯ ಹೆಂಗಸರ ಪಾಲು: ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಪಾತ್ರೆ ಬೆಳಗುವುದನ್ನು ಕಂಡು ‘ಅಚ್ಚುಕಟ್ಟಾದ ಸೊಸೆ’ ಎಂದು ಹೊಗಳುತ್ತಿದ್ದ ಕಾಲವದು. ಹೀಗೆ ಉಜ್ಜಿ ಉಜ್ಜಿ ನಿತ್ಯದ ಪಾತ್ರೆಗಳ ಮೇಲಿನ ಹೆಸರೇ ಸವೆದುಹೋಯಿತು. ನಮ್ಮ ಮನೆಯಲ್ಲಿ ಅಜ್ಜಿಯ ಹೆಸರು ನಿಚ್ಚಳವಾಗಿ ಉಳಿದಿರುವುದು ವರ್ಷಕ್ಕೊಮ್ಮೆ ಕೆಳಗಿಳಿಯುತ್ತಿದ್ದ ಹಂಡೆಯ ಮೇಲೆ. ದಿನವೂ ನೀರು ತಂದ ಬಿಂದಿಗೆಯಲ್ಲಿ ಮೊದಲ ಅಕ್ಷರವೊಂದೇ ಇದೆ. ಹೆಸರು ಓದಲು ಬಂದರೆ ತವರಿನ ಅನುಕೂಲವನ್ನು ಅಳೆಯಬಹುದು, ಓದಲು ಬಾರದಿದ್ದರೆ ಅತ್ತೆಮನೆಯ ದುಡಿಮೆಯನ್ನು.

ಸ್ಟೀಲು ಬಂದಮೇಲೆ ಈ ಪಾತ್ರೆಗಳು ತೂಕದ ಲೆಕ್ಕದಲ್ಲಿ ಅಂಗಡಿಗೆ ಹೋದವು. ನಮ್ಮಲ್ಲೂ ಹೋಗಿವೆ. ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಉಳಿದವನ್ನು ಗುಜರಿಗೆ ಹಾಕುವ ಮುನ್ನ ಕಂಠದ ಮೇಲೆ ಒಂದಿಷ್ಟು ಅಕ್ಕಿಹಿಟ್ಟು ಸವರಿ, ಸಂಜೆಯ ಓರೆ ಬಿಸಿಲಿಗೆ ಹಿಡಿದು ನೋಡಿ, ಕಂಡ ಹೆಸರನ್ನು ಬರೆದಿಡಿ. ಸೋದರತ್ತೆಯ ಮನೆಯ ಕೊಪ್ಪರಿಗೆಯ ಮೇಲಿರುವ ಹೆಸರು ನಮ್ಮ ವಂಶಾವಳಿಯಲ್ಲಿ ಎಲ್ಲಿಯೂ ಇಲ್ಲ. ಆಕೆ ಯಾರೆಂದು ತಿಳಿದ ಹಿರಿಯರಿದ್ದರೆ ದಯವಿಟ್ಟು ನನಗೆ ತಿಳಿಸಿರಿ.